ಯಾರ ಕಣ್ಣು, ಯಾವ ಹೊತ್ತು: ನವ್ಯ ಕಥನದಲ್ಲಿ ವಸ್ತುವೂ ನಿರೂಪಣೆಯೂ

(ಉಡುಪಿಯಲ್ಲಿ ಕನ್ನಡ ಅಧ್ಯಾಪಕರು, ಸಾಹಿತ್ಯದ ವಿದ್ಯಾರ್ಥಿಗಳು ಮತ್ತು ಕತೆ ಬರೆಯುವವರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಾದಂಬರಿಯ ಬಗ್ಗೆ ಪರೀಕ್ಷೆಯಲ್ಲಿ ಬರೆಯುವ ಉತ್ತರಕ್ಕೆ ಒಂದು ಖಾಯಂ ನಕ್ಷೆ ಇದೆ. ಲೇಖಕರ ಪರಿಚಯ, ಕಥಾಸಾರ, ಆಮೇಲೆ ‘ವಸ್ತು’ ಎಂಬ ಶೀರ್ಷಿಕೆಯ ಕೆಳಗೆ ಪರಕೀಯತೆ, ಅನಾಥಪ್ರಜ್ಞೆ, ಮೌಲ್ಯಗಳ ಕುಸಿತ. ಕೊನೆಗೆ ‘ತಂತ್ರ’ ಎಂಬ ಶೀರ್ಷಿಕೆ, ಅದರ ಕೆಳಗೆ ಪ್ರಜ್ಞಾಪ್ರವಾಹ (ಮನಸ್ಸಿನ ಯೋಚನೆಯನ್ನು ಹರಿದ ಹಾಗೇ ಬರೆಯುವುದು), ಸಂಕೇತ, ಪ್ರತಿಮೆ. ಎರಡರ ನಡುವೆ ಅಡ್ಡಗೆರೆ. ವಿಮರ್ಶೆಯೆಂದು ಅಚ್ಚಾಗುವ ಬರಹಗಳಲ್ಲೂ ಈ ಗೆರೆ ಹಾಗೇ ಉಳಿದಿರುತ್ತದೆ. ಇವತ್ತಿನ ಮಾತು ಆ ಗೆರೆಯನ್ನು ಅಳಿಸುವ ಬಗ್ಗೆ. ಯಾವ ಸಂಗತಿಯನ್ನು, ಯಾರ ಮೂಲಕ, ಎಷ್ಟು ಹೊತ್ತಿಗೆ ಓದುಗನಿಗೆ ತಿಳಿಸುವುದು ಎಂಬ ತೀರ್ಮಾನಕ್ಕೇ ನಾವು ತಂತ್ರ ಎನ್ನುತ್ತೇವೆ. ಆ ತೀರ್ಮಾನ ಬದಲಾದರೆ ಅದೇ ಘಟನೆ ಬೇರೆ ವಸ್ತುವಿನ ಕತೆಯಾಗುತ್ತದೆ.

ಇದನ್ನು ಸುಮ್ಮನೆ ಒಪ್ಪಬೇಡಿ, ಕಟ್ಟಿ ನೋಡೋಣ. ಮುಂಬೈಯಲ್ಲಿರುವ ಸುಮತಿ ಅಮ್ಮನ ಬೊಜ್ಜಕ್ಕೆಂದು (ಉತ್ತರಕ್ರಿಯೆಗೆಂದು) ಊರಿಗೆ ಬರುತ್ತಾಳೆ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಇಳಿಯುತ್ತಾಳೆ. ಕರೆದೊಯ್ಯಲು ಅಣ್ಣ ಬಂದಿಲ್ಲ. ಘಟನೆ ಇಷ್ಟೇ.

ಒಂದನೆಯ ಬಗೆ: “ಸುಮತಿ ಬಸ್ಸಿನಿಂದ ಇಳಿದು ಸುತ್ತ ನೋಡಿದಳು. ಅಣ್ಣ ಬಾರದಿದ್ದುದನ್ನು ಕಂಡು ಅವಳಿಗೆ ಬೇಸರವಾಯಿತು. ಆಸ್ತಿಯ ವಿಷಯದಲ್ಲಿ ಅವನಿಗಿನ್ನೂ ಸಿಟ್ಟಿರಬೇಕು ಎಂದುಕೊಂಡಳು.”

ಎರಡನೆಯ ಬಗೆ: “ಸುಮತಿ ಬಸ್ಸಿಳಿದಳು. ಅಣ್ಣ ಇಲ್ಲ. ಎಲ್ಲಿಂದ ಬರುತ್ತಾನೆ? ತಾನು ಸಹಿ ಹಾಕಿ ಕಳಿಸಿದ್ದರೆ ಇಷ್ಟು ಹೊತ್ತಿಗೆ ಕಾರು ತಂದು ನಿಲ್ಲಿಸುತ್ತಿದ್ದ. ಬೊಜ್ಜಕ್ಕೆ ಬಾ ಎಂದು ಫೋನು ಮಾಡಿದ್ದೂ ಅತ್ತಿಗೆ.”

ಮೂರನೆಯದು: “ಅದಲ್ಲ ಅದು ಕಾರ್ಕಳದ್ದು ನೀಲಿ ಶರ್ಟು ಅಣ್ಣ ಅಲ್ಲ ಬೇರೆ ಯಾರೋ ನೀಲಿ ಶಾಯಿ ಅಮ್ಮನ ಹೆಬ್ಬೆರಳು ತಣ್ಣಗೆ ಗಟ್ಟಿ ಹಿಡಿ ಅಂದ ಹಿಡಿದೆ ಒರೆಸಿದರೂ ಹೋಗಲಿಲ್ಲ ಸೆರಗಿಗೂ ಎಲ್ಲಿಗೆ ಅಮ್ಮ ಅಂತ ಆಟೋದವನು”

ನಾಲ್ಕನೆಯದರಲ್ಲಿ ಅಣ್ಣನೇ ಹೇಳುತ್ತಾನೆ: “ಅವಳು ಯಾವ ಬಸ್ಸಿಗೆ ಬರುತ್ತಾಳೆಂದು ನನಗೆ ಯಾರೂ ಹೇಳಿರಲಿಲ್ಲ. ಹನ್ನೊಂದೂಕಾಲಕ್ಕೆ ಬರಬೇಕಾದ ಆ ಬಸ್ಸು ಅವತ್ತು ಹತ್ತು ನಿಮಿಷ ತಡವಾಗಿಯೇ ಬಂತು. ನನಗೆ ಮನೆಯಲ್ಲಿ ನೂರು ಕೆಲಸ.”

ಮೊದಲನೆಯದು ಆಸ್ತಿ ಜಗಳದ ಕತೆ. ನಿರೂಪಕ ಎಲ್ಲವನ್ನೂ ಬಲ್ಲವನು. ಬೇಸರವನ್ನು ‘ಬೇಸರ’ ಎಂದೇ ಹೇಳಿ ಮುಗಿಸುತ್ತಾನೆ, ಓದುಗನಿಗೆ ಮಾಡಲು ಕೆಲಸವಿಲ್ಲ. ಎರಡನೆಯದರಲ್ಲಿ ಆಸ್ತಿ ಹಿನ್ನೆಲೆಗೆ ಸರಿದು, ತನ್ನನ್ನು ತಾನೇ ಸಮರ್ಥಿಸಿಕೊಳ್ಳುವ ಮನಸ್ಸು ಮುಂದೆ ಬಂದಿದೆ. ಮೂರನೆಯದರಲ್ಲಿ ಹಿಂದೆಂದೋ ಅಮ್ಮನ ಹೆಬ್ಬೆಟ್ಟು ಒತ್ತಿಸುವಾಗ ಕೈ ಹಿಡಿದವಳು ಸುಮತಿಯೇ ಎಂಬುದು ಹೊರಬೀಳುತ್ತದೆ. ಅವಳಾಗಿ ಅದನ್ನು ಯಾರಿಗೂ ಹೇಳುವವಳಲ್ಲ, ತನಗೂ ಹೇಳಿಕೊಳ್ಳುವವಳಲ್ಲ. ಆದ್ದರಿಂದ ಆ ಸಂಗತಿ ‘ಎಂದುಕೊಂಡಳು’ ಎಂಬ ವಾಕ್ಯದೊಳಗೆ ಬರಲಾರದು. ನೀಲಿ ಬಣ್ಣದ ಸುಳಿವು ಹಿಡಿದು, ವಾಕ್ಯ ಕೂಡಿಬರುವ ಮೊದಲೇ ಅದು ನುಗ್ಗಬೇಕು. ಇಲ್ಲಿ ವಸ್ತು ಪಾಲುಗಾರಿಕೆ, ಅಂದರೆ ಮೋಸದಲ್ಲಿ ಪಾಲು. ನಾಲ್ಕನೆಯದರಲ್ಲಿ ಗೊತ್ತಿರಲಿಲ್ಲ ಎಂದ ಬಾಯಿಯೇ ಬಸ್ಸಿನ ಗಂಟೆ, ನಿಮಿಷಗಳನ್ನು ಹೇಳಿಬಿಟ್ಟಿದೆ. ಅದನ್ನು ಹಿಡಿಯಬೇಕಾದವನು ಓದುಗ. ಘಟನೆ ಒಂದೇ, ಕತೆಗಳು ನಾಲ್ಕು.

ಎರಡನೆಯ ಬಗೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಕನ್ನಡದ ನವ್ಯ ಗದ್ಯದ ಬಹುಪಾಲು ಕೆಲಸ ನಡೆದಿರುವುದು ಅಲ್ಲಿ. ಪ್ರಥಮ ಪುರುಷದ (‘ಅವನು’, ‘ಅವಳು’ ಎನ್ನುವ) ನಿರೂಪಣೆ ಬಿಡದೆ ಪಾತ್ರದ ಮನಸ್ಸಿನೊಳಗೆ ಇಳಿಯುವ ಈ ದಾರಿಗೆ ಕನ್ನಡದಲ್ಲಿ ಅನುಕೂಲಗಳು ಬೇರೆಯೇ. ‘ಎಂದು’, ‘ಅಂತ’ ಬಿಟ್ಟರೆ ಸಾಕು, ಒಳಗಿಳಿದಾಯಿತು. ಇಂಗ್ಲಿಷಿನಲ್ಲಿ ಇಂಥ ಕಡೆ ಯೋಚನೆಯ ಕ್ರಿಯಾಪದವನ್ನೂ ಸಾಮಾನ್ಯವಾಗಿ ಭೂತಕಾಲಕ್ಕೆ ತಳ್ಳಬೇಕು. ನಮ್ಮಲ್ಲಿ ‘ಬಸ್ಸಿಳಿದಳು’ ಎಂಬ ಭೂತದ ಪಕ್ಕದಲ್ಲೇ ‘ಅಣ್ಣ ಇಲ್ಲ’ ಎಂಬ ವರ್ತಮಾನ ಕೂರುತ್ತದೆ, ಕಿವಿಗೆ ಕೆಡುವುದಿಲ್ಲ. ಜೊತೆಗೆ ‘ತಾನು’ ಇದೆ. ‘ಅವಳು ಸಹಿ ಹಾಕಿದ್ದರೆ’ ಎಂದರೆ ನಿರೂಪಕ ಹೊರಗೆ ನಿಂತಿದ್ದಾನೆ. ‘ತಾನು ಸಹಿ ಹಾಕಿದ್ದರೆ’ ಎಂದರೆ ಮಾತು ಅವಳ ಒಳಗಿನದು. ನಿರೂಪಕನಿಗೂ ಪಾತ್ರಕ್ಕೂ ನಡುವೆ ಎಷ್ಟು ಅಂತರ ಎಂಬುದನ್ನು ಹಲವು ಸಲ ಈ ಒಂದು ಸರ್ವನಾಮವೇ ಅಳೆದು ಕೊಡುತ್ತದೆ.

ಹೊಸಬರು ಎಡವುವುದು ಎರಡು ಕಡೆ. ಪ್ರತಿ ಯೋಚನೆಗೂ ‘ಎಂದು ಅವನಿಗೆ ಅನ್ನಿಸಿತು’ ಸೇರಿಸುವುದು ಒಂದು. ಹಾಗೆ ಮಾಡಿದಾಗ ನಿರೂಪಕ ಪುಟದ ತುಂಬ ಓಡಾಡುತ್ತಾನೆ, ಪಾತ್ರದ ಜೊತೆ ಏಕಾಂತವೇ ಸಿಗುವುದಿಲ್ಲ. ಇನ್ನೊಂದು, ಅದನ್ನು ಪೂರ್ತಿ ಕಿತ್ತುಹಾಕುವುದು. ಒಂದೇ ಜಗಲಿಯಲ್ಲಿ ಇಬ್ಬರು ಹೆಂಗಸರು ಕೂತಿರುವಾಗ ಎರಡು ಪುಟ ಯಾರ ಯೋಚನೆ ಯಾರದೆಂದು ಗೊತ್ತಾಗದೆ ಓದುಗ ತಡಕಾಡುತ್ತಾನೆ. ಮನಸ್ಸು ಬದಲಾಗುವ ಜಾಗದಲ್ಲಿ ಒಮ್ಮೆ ಹೆಸರು, ಇಲ್ಲವೇ ಕೈಯಲ್ಲಿರುವ ಒಂದು ವಸ್ತು, ಒಂದು ಚಲನೆ ಇಟ್ಟರೆ ಈ ಗೊಂದಲ ಹೋಗುತ್ತದೆ.

ಇದೆಲ್ಲವನ್ನೂ ಪ್ರಜ್ಞಾಪ್ರವಾಹ ಎಂದು ಕರೆಯುವ ಅಭ್ಯಾಸ ಬಿಡುವುದು ಒಳ್ಳೆಯದು. ವಿಲಿಯಂ ಜೇಮ್ಸ್ 1890ರ ಮನಶ್ಶಾಸ್ತ್ರದ ಗ್ರಂಥದಲ್ಲಿ ಬಳಸಿದ ಈ ರೂಪಕವನ್ನು 1918ರಲ್ಲಿ ಮೇ ಸಿಂಕ್ಲೇರ್ ಡೊರೊತಿ ರಿಚರ್ಡ್‌ಸನ್ನರ ಕಾದಂಬರಿಗಳ ಬಗ್ಗೆ ಬರೆಯುವಾಗ ಸಾಹಿತ್ಯಕ್ಕೆ ತಂದರು. ನಮ್ಮ ಮೂರನೆಯ ಬಗೆ ಅದು. ಕನ್ನಡದಲ್ಲಿ ಅದರ ಶುದ್ಧ ರೂಪ ವಿರಳ. ಅದೊಂದು ಕೊರತೆಯೆಂದು ನನಗೆ ಅನ್ನಿಸುವುದಿಲ್ಲ. ‘ತಾನು’ ಇರುವ ಭಾಷೆಗೆ ಅದರ ಅಗತ್ಯವೇ ಕಡಿಮೆ ಬಿದ್ದಿರಬೇಕು.

ಈಗ 1965ರ ‘ಸಂಸ್ಕಾರ’. ದೂರ್ವಾಸಪುರದ ಬ್ರಾಹ್ಮಣ ಅಗ್ರಹಾರದಲ್ಲಿ ಆಚಾರ ಬಿಟ್ಟು ಚಂದ್ರಿಯೊಡನೆ ಬಾಳಿದ ನಾರಣಪ್ಪ ಸತ್ತಿದ್ದಾನೆ; ಅವನ ಸಂಸ್ಕಾರದ ಪ್ರಶ್ನೆಯನ್ನು ಊರು ಪಂಡಿತ ಪ್ರಾಣೇಶಾಚಾರ್ಯರ ಮುಂದಿಡುತ್ತದೆ. ಅನಂತಮೂರ್ತಿಯವರ ಈ ಕಾದಂಬರಿಯ ವಸ್ತು ಏನು ಎಂದು ಕೇಳಿದರೆ ‘ಬ್ರಾಹ್ಮಣ್ಯದ ಅವನತಿ’ ಎಂಬ ಸಿದ್ಧ ಉತ್ತರ ಬರುತ್ತದೆ. ಆ ಉತ್ತರ ಬದಿಗಿರಲಿ, ನಿರೂಪಣೆ ಯಾರ ಯಾರ ಒಳಗೆ ಹೋಗುತ್ತದೆ ಎಂದು ಗುರುತು ಹಾಕುತ್ತ ಓದಿ. ಮೊದಲ ಎರಡು ಭಾಗಗಳಲ್ಲಿ ಅದು ದೂರ್ವಾಸಪುರದ ಮನೆಮನೆಗೆ ನುಗ್ಗುತ್ತದೆ. ಚಂದ್ರಿಯ ಚಿನ್ನದ ಮೇಲೆ ಕಣ್ಣಿಟ್ಟವರ ಲೆಕ್ಕಾಚಾರ, ಶ್ರೀಪತಿಯ ಬಯಕೆ, ಹಸಿದ ಹೊಟ್ಟೆಗಳ ಸಂಕಟ, ಎಲ್ಲ ಸಿಗುತ್ತವೆ. ಮೂರನೆಯ ಭಾಗದಲ್ಲಿ ಆ ಬಾಗಿಲುಗಳೆಲ್ಲ ಮುಚ್ಚುತ್ತವೆ. ಉಳಿಯುವುದು ಪ್ರಾಣೇಶಾಚಾರ್ಯರ ಮನಸ್ಸು, ಅದಕ್ಕೆ ಅಂಟಿಕೊಂಡು ನಡೆಯುವ, ದಾರಿಯಲ್ಲಿ ಜೊತೆಯಾದ ಪುಟ್ಟನ ಮಾತು. ಹೆಣದ ಸಂಸ್ಕಾರ ಯಾರು ಮಾಡಬೇಕು ಎಂದು ಊರು ಕೇಳುತ್ತಿದ್ದ ಪ್ರಶ್ನೆ, ನಾನು ಯಾರು ಎಂದು ಒಬ್ಬನು ಕೇಳಿಕೊಳ್ಳುವ ಪ್ರಶ್ನೆಯಾಗುತ್ತದೆ. ಈ ಬದಲಾವಣೆಯನ್ನು ಯಾವ ಪಾತ್ರವೂ ಬಾಯಿಬಿಟ್ಟು ಸಾರಬೇಕಿಲ್ಲ, ಹಲವು ಕಣ್ಣುಗಳಿಂದ ಒಂದು ಕಣ್ಣಿಗೆ ಕಿರಿದಾದ ನಿರೂಪಣೆಯೇ ಅದನ್ನು ಮಾಡಿ ಮುಗಿಸುತ್ತದೆ.

ಮೊದಲ ಭಾಗಗಳಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಇಲಿಗಳು ಸತ್ತು ಬೀಳುತ್ತವೆ, ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ಅದು ಪ್ಲೇಗೆಂದು ಓದುಗನಿಗೆ ಹೊಳೆದಿರುತ್ತದೆ; ಅಗ್ರಹಾರದವರು ಶಂಖ, ಜಾಗಟೆ ಬಾರಿಸುತ್ತಾರೆ. ನಾರಣಪ್ಪನ ಹೆಣವನ್ನು ಚಂದ್ರಿ ರಾತ್ರಿ ಸುಡಿಸಿಬಿಟ್ಟಿದ್ದಾಳೆ. ಅದೂ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಈ ಎರಡು ತಿಳಿವಳಿಕೆಗಳನ್ನು ಕೈಯಲ್ಲಿಟ್ಟುಕೊಂಡು ಧರ್ಮಜಿಜ್ಞಾಸೆಯನ್ನು ಕೇಳುವಾಗ ಅದು ಸುಟ್ಟುಹೋದ ಹೆಣದ ಬಗ್ಗೆ ನಡೆಯುವ ಚರ್ಚೆಯಾಗಿ ಕೇಳಿಸುತ್ತದೆ. ಲೇಖಕ ಒಂದು ವ್ಯಂಗ್ಯದ ಮಾತನ್ನೂ ಸೇರಿಸಬೇಕಾಗಿಲ್ಲ. ಹೆಣ ಸುಟ್ಟದ್ದನ್ನು ನಮ್ಮಿಂದಲೂ ಮುಚ್ಚಿಟ್ಟು ಕೊನೆಯಲ್ಲಿ ತೆರೆದಿದ್ದರೆ ನಮಗೆ ಸಿಗುತ್ತಿದ್ದುದು ಒಂದು ಪತ್ತೇದಾರಿ ತಿರುವು.

ಮೂರನೆಯ ಭಾಗವನ್ನು ಕರಾವಳಿಯ ಓದುಗರು ತಪ್ಪಾಗಿ ಓದುವ ಅಪಾಯ ಸ್ವಲ್ಪ ಹೆಚ್ಚು. ಕಾರಣ ನಮ್ಮ ಕಿವಿ ತಾಳಮದ್ದಳೆಗೆ (ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನಕ್ಕೆ) ಒಗ್ಗಿದೆ. ಅಲ್ಲಿ ಕರ್ಣನೋ ಭೀಷ್ಮನೋ ತನ್ನ ಮನಸ್ಸನ್ನು ಎದುರಾಳಿಯ ಮುಂದೆ ಪೂರ್ತಿ ಬಿಚ್ಚಿಡುತ್ತಾನೆ, ಪಕ್ಷ ಹಿಡಿದು ವಾದಿಸುತ್ತಾನೆ. ಒಳ್ಳೆಯ ಅರ್ಥಧಾರಿಯ (ಪಾತ್ರವಾಗಿ ಮಾತಾಡುವವನ) ಮಾತಿನಲ್ಲಿ ಮುಚ್ಚುಮರೆ ಉಳಿಯುವುದಿಲ್ಲ. ಆಚಾರ್ಯರ ಒಳಮಾತನ್ನೂ ಹಾಗೆಯೇ ಕೇಳಿ, ಅದರಿಂದ ಒಂದು ತತ್ತ್ವ ತೆಗೆಯಲು ಹೊರಡುತ್ತೇವೆ. ಆದರೆ ಆ ಒಳಮಾತಿನ ಬಹುಪಾಲು ತೀರ್ಮಾನವನ್ನು ಮುಂದೂಡುವ ಮಾತು. ವಾಪಸು ಹೋಗಿ, ಚಂದ್ರಿಯೊಡನೆ ಕೂಡಿದ್ದನ್ನೂ ಸೇರಿಸಿ ಎಲ್ಲ ಹೇಳಿಬಿಡುತ್ತೇನೆ ಎಂಬ ನಿರ್ಧಾರ ಮತ್ತೆ ಮತ್ತೆ ಹತ್ತಿರ ಬಂದು ಸರಿಯುತ್ತದೆ. ನಡುವೆ ಅವರು ಹೆಂಡತಿ ಸತ್ತ ಸೂತಕದಲ್ಲಿದ್ದೂ ಮೇಳಿಗೆಯ ದೇವಸ್ಥಾನದ ಊಟಕ್ಕೆ ಕೂರುತ್ತಾರೆ, ಗುರುತು ಸಿಕ್ಕೀತೆಂದು ಹೆದರುತ್ತಾರೆ. ವಾದದ ತೂಕಕ್ಕಿಂತ ಹೆದರಿಕೆಯ ತೂಕ ಹೆಚ್ಚು. ನಿರೂಪಣೆ ಅವರನ್ನು ಗೌರವದ ಬಹುವಚನದಲ್ಲೇ ‘ಆಚಾರ್ಯರು’ ಎನ್ನುತ್ತದೆ, ಒಳಮಾತಿನಲ್ಲಿ ಬರಿಯ ‘ನಾನು’ ಬರುತ್ತದೆ. ಊರು ಕೊಟ್ಟ ಸ್ಥಾನಕ್ಕೂ ಒಳಗಿನ ಮನುಷ್ಯನಿಗೂ ಬಿದ್ದ ಬಿರುಕು ವ್ಯಾಕರಣದಲ್ಲೇ ಕಾಣುತ್ತದೆ. ಕಾದಂಬರಿ ಅವರು ಅಗ್ರಹಾರ ತಲುಪುವ ಮೊದಲೇ ನಿಲ್ಲುತ್ತದೆ. ತಲುಪಿಸಿ ಊರವರ ಪ್ರತಿಕ್ರಿಯೆಯನ್ನು ಬರೆದಿದ್ದರೆ ತೀರ್ಪು ಮತ್ತೆ ಸಮಾಜದ ಕೈಗೆ ಹೋಗುತ್ತಿತ್ತು.

‘ಘಟಶ್ರಾದ್ಧ’ ಎಂಬ ಕತೆಯಲ್ಲಿ ಅದೇ ಲೇಖಕರು ತೆಗೆದುಕೊಂಡ ತೀರ್ಮಾನ ತದ್ವಿರುದ್ಧ. ವಿಧವೆ ಯಮುನಕ್ಕನ ಕತೆಯನ್ನು ಹೇಳುವವನು ವೇದಪಾಠಕ್ಕೆ ಬಂದ ಹುಡುಗ. ಅವಳು ಬಸುರಿಯೆಂದು ಓದುಗನಿಗೆ ಅವನಿಗಿಂತ ಬಹಳ ಮೊದಲೇ ತಿಳಿಯುತ್ತದೆ. ಎಲ್ಲ ಬಲ್ಲ ನಿರೂಪಕ ಹೇಳಿದ್ದರೆ ಇದು ವಿಧವೆಯ ಮೇಲಾಗುವ ಅನ್ಯಾಯದ ಕತೆ. ಅಂಥವು ಕನ್ನಡದಲ್ಲಿ ಅದಕ್ಕೂ ಮೊದಲೇ ಸಾಕಷ್ಟು ಬಂದಿದ್ದವು. ಹುಡುಗನ ಕಣ್ಣಿನಿಂದ ನೋಡಿದಾಗ ಅನ್ಯಾಯ ಹಾಗೇ ಇದ್ದು ಇನ್ನೊಂದು ಸೇರುತ್ತದೆ: ಪ್ರೀತಿಸಿದವಳನ್ನು ಹೇಗೆ ನೋಡಬೇಕು ಎಂದು ಊರು ಮಗುವಿಗೆ ಕಲಿಸುವ ರೀತಿ. ಮಗುವಿನ ನಿರೂಪಣೆ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ, ಲೇಖಕ ನಡುವೆ ಬುದ್ಧಿವಂತನಾಗುತ್ತಾನೆ. ಎಂಟು ವರ್ಷದವನ ಬಾಯಲ್ಲಿ ‘ಅಸಹಾಯಕತೆ’ ಎಂಬ ಪದ ಬಂದ ವಾಕ್ಯದಲ್ಲೇ ಹುಡುಗ ಕತೆಯಿಂದ ಹೊರಟುಹೋಗಿರುತ್ತಾನೆ.

ಇಷ್ಟು ಹೊತ್ತು ಕಣ್ಣಿನ ಮಾತಾಯಿತು. ನೋಡುವವರು ಯಾರು, ಹೇಳುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ 1972ರಲ್ಲಿ ಸ್ಪಷ್ಟ ಮಾಡಿದವರು ಫ್ರಾನ್ಸಿನ ವಿಮರ್ಶಕ ಜೆರಾರ್ ಜೆನೆಟ್. ಅವರೇ ಒತ್ತಿ ಹೇಳಿದ ಇನ್ನೊಂದು ವಿಷಯ ಕಾಲ: ಕತೆಯೊಳಗೆ ಎಷ್ಟು ಗಂಟೆ ಕಳೆಯಿತು, ಅದಕ್ಕೆ ಎಷ್ಟು ಪುಟ ಖರ್ಚಾಯಿತು.

ವರ್ಜೀನಿಯಾ ವುಲ್ಫ್ ಅವರ ‘ಟು ದ ಲೈಟ್‌ಹೌಸ್’ (1927) ಇದಕ್ಕೆ ಒಳ್ಳೆಯ ಉದಾಹರಣೆ. ಮೂರು ಭಾಗಗಳಿವೆ. ಮೊದಲ ಭಾಗದಲ್ಲಿ ಒಂದು ಮಧ್ಯಾಹ್ನ, ಒಂದು ಸಂಜೆ, ಅಷ್ಟಕ್ಕೇ ಪುಸ್ತಕದ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ನಡುವಿನ ಪುಟ್ಟ ಭಾಗದಲ್ಲಿ ಹತ್ತು ವರ್ಷ, ಒಂದು ಮಹಾಯುದ್ಧ ಕಳೆದುಹೋಗುತ್ತವೆ. ಮೊದಲ ಭಾಗದ ಜೀವವೇ ಆಗಿದ್ದ ಮಿಸೆಸ್ ರಾಮ್ಸೆಯ ಸಾವು ಚೌಕ ಆವರಣದೊಳಗಿನ ಒಂದು ವಾಕ್ಯದಲ್ಲಿ, ಅದೂ ಗಂಡನ ಚಾಚಿದ ತೋಳುಗಳ ಬಗೆಗಿನ ವಾಕ್ಯದ ಪಕ್ಕದ ಮಾತಾಗಿ, ಬಂದುಹೋಗುತ್ತದೆ. ಖಾಲಿ ಮನೆಯ ಧೂಳು, ಗಾಳಿ, ತೇವಕ್ಕೆ ಪುಟಗಟ್ಟಲೆ ಜಾಗ. ಮನುಷ್ಯರ ಸಾವಿಗೆ ಆವರಣ. ಕಾಲಕ್ಕೆ ನಮ್ಮ ಮೇಲೆ ಮಮತೆಯಿಲ್ಲ ಎಂದು ವುಲ್ಫ್ ಬರೆದು ತಿಳಿಸುವುದಿಲ್ಲ, ಪುಟಗಳನ್ನು ಹಂಚಿದ ಲೆಕ್ಕದಲ್ಲೇ ನಮಗೆ ಅದು ತಟ್ಟುತ್ತದೆ. ಆ ಸಾವಿಗೆ ಹತ್ತು ಪುಟದ ದೃಶ್ಯ ಬರೆದಿದ್ದರೆ ನಾವು ಅತ್ತು ಹಗುರಾಗುತ್ತಿದ್ದೆವು.

ಫಾಕ್ನರ್‌ರ ‘ದ ಸೌಂಡ್ ಆ್ಯಂಡ್ ದ ಫ್ಯೂರಿ’ (1929) ಎಂದರೆ ವಿದ್ಯಾರ್ಥಿಗಳು ಮೊದಲ ಭಾಗದಲ್ಲೇ ಪುಸ್ತಕ ಮುಚ್ಚುತ್ತಾರೆ. ಮುಚ್ಚಬೇಕಾಗಿಲ್ಲ. ಅದನ್ನು ಹೇಳುವ ಬೆಂಜಿಗೆ 33 ವರ್ಷ, ಬುದ್ಧಿ ಬೆಳೆದಿಲ್ಲ, ನಿನ್ನೆ ಮತ್ತು ಇಂದಿನ ಭೇದ ಅವನಿಗಿಲ್ಲ. ಕಾಲ ಜಿಗಿಯುವ ಕಡೆಗಳನ್ನು ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಅಚ್ಚು ಮಾಡಿಸುವ ಆಸೆ ಫಾಕ್ನರ್‌ಗೆ ಇತ್ತು. ಆಗ ಅದು ಆಗದೆ, ಓರೆ ಅಕ್ಷರಗಳಲ್ಲಿ ತೃಪ್ತಿಪಟ್ಟರು. ಓದುವಾಗ ಬೆಂಜಿಯನ್ನು ನೋಡಿಕೊಳ್ಳುವವರ ಹೆಸರು ಹಿಡಿಯಿರಿ. ವರ್ಷ್ ಇದ್ದರೆ ಬಾಲ್ಯ, ಟಿ.ಪಿ. ಇದ್ದರೆ ಹದಿಹರೆಯ, ಲಸ್ಟರ್ ಇದ್ದರೆ 1928ರ ಏಪ್ರಿಲ್ 7, ಅಂದರೆ ಕತೆಯ ವರ್ತಮಾನ. ಕ್ವೆಂಟಿನ್ ಎಂಬ ಹೆಸರು ಇಬ್ಬರಿಗಿದೆ, ಸೋದರಮಾವನಿಗೂ ಸೊಸೆಗೂ, ಆದ್ದರಿಂದ ಲಿಂಗ ನೋಡಿಕೊಂಡು ಓದಬೇಕು. ಇಷ್ಟು ಕೀಲಿಗಳಿದ್ದರೆ ಮುಕ್ಕಾಲು ಪಾಲು ದಾರಿ ತೆರೆಯುತ್ತದೆ.

ಆಮೇಲೆ ಎರಡನೆಯ ಪ್ರಶ್ನೆ. ಮೂರು ಭಾಗಗಳನ್ನು ಮೂವರು ಅಣ್ಣತಮ್ಮಂದಿರು ಹೇಳುತ್ತಾರೆ, ನಾಲ್ಕನೆಯದು ಪ್ರಥಮ ಪುರುಷದಲ್ಲಿದ್ದು ಮನೆಗೆಲಸದ ಡಿಲ್ಸಿಯ ಹತ್ತಿರ ನಿಲ್ಲುತ್ತದೆ. ಮೂವರೂ ಕಳೆದುಕೊಂಡದ್ದು ಒಬ್ಬಳನ್ನೇ, ಅಕ್ಕತಂಗಿಯಾದ ಕ್ಯಾಡಿಯನ್ನು. ಅವಳಿಗೆ ಒಂದು ಭಾಗವೂ ಇಲ್ಲ. ಒಬ್ಬನಿಗೆ ಅವಳು ವಾಸನೆ, ಒಬ್ಬನಿಗೆ ಮಾನ, ಒಬ್ಬನಿಗೆ ಹಣದ ನಷ್ಟ. ಕ್ಯಾಡಿ ತನ್ನ ಕತೆ ತಾನೇ ಹೇಳಿದ್ದರೆ ಆ ಮೂರೂ ಒಂದೇ ಸಲಕ್ಕೆ ಸುಳ್ಳಾಗುತ್ತಿದ್ದವು, ಒಂದು ಮನೆತನ ತನ್ನ ಹೆಣ್ಣನ್ನು ತನ್ನ ತನ್ನ ಅಗತ್ಯಕ್ಕೆ ತಕ್ಕಂತೆ ಕಲ್ಪಿಸಿಕೊಳ್ಳುವ ಕತೆ ಇರುತ್ತಿರಲಿಲ್ಲ.

ನಡುವನ್ನು ಖಾಲಿ ಬಿಡುವ ಈ ಕಟ್ಟಡ ನಮಗೂ ಹೊಸದಲ್ಲ. ನಾರಣಪ್ಪ ಕಾದಂಬರಿ ಶುರುವಾಗುವಾಗಲೇ ಸತ್ತಿದ್ದಾನೆ, ಬೇರೆಯವರ ನೆನಪಿನಲ್ಲಿ ಮಾತ್ರ ಮಾತಾಡುತ್ತಾನೆ. ನವ್ಯರ ಪಟ್ಟಿಗೆ ಯಾರೂ ಸೇರಿಸದ ಕೋಟದ ಶಿವರಾಮ ಕಾರಂತರು ‘ಅಳಿದ ಮೇಲೆ’ಯಲ್ಲಿ ತೀರಿಕೊಂಡ ಯಶವಂತರಾಯನ ಬದುಕನ್ನು ಅವನು ಬಿಟ್ಟುಹೋದ ಬರಹ, ಚಿತ್ರಗಳು, ಅವನನ್ನು ಬಲ್ಲವರ ಮಾತುಗಳಿಂದ ಕೂಡಿಸುತ್ತ ಹೋಗುತ್ತಾರೆ. ಸತ್ತವನು ಎದ್ದು ಬಂದು ಯಾವುದನ್ನೂ ದೃಢಪಡಿಸುವಂತಿಲ್ಲ. ಒಬ್ಬ ಮನುಷ್ಯನನ್ನು ಇನ್ನೊಬ್ಬ ಎಷ್ಟು ಬಲ್ಲ ಎಂಬ ವಸ್ತುವಿಗೆ ಇದಕ್ಕಿಂತ ತಕ್ಕ ನಿರೂಪಣೆ ಬೇಕಾಗಿಲ್ಲ. ತಂತ್ರದ ಮಾತು ಬಂದಾಗ ಕಾರಂತರನ್ನು ಬಿಟ್ಟು ಮುಂದೆ ಹೋಗುವುದು ನಮ್ಮ ವಿಮರ್ಶೆಯ ಸೋಮಾರಿತನ.

ಇನ್ನು ಒಂದು ಮಿತಿ. ಒಂದೇ ಮನಸ್ಸಿಗೆ ಅಂಟಿಕೊಂಡ ನಿರೂಪಣೆ ಅನುಮಾನ, ಅಪರಾಧಭಾವ, ಒಂಟಿತನಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ (1979) ನಾಗಪ್ಪನ ಮೇಲಿನ ಸಂಚು ಎಷ್ಟು ನಿಜ, ಎಷ್ಟು ಅವನ ಶಂಕೆ ಎಂದು ತೂಗಲು ನಮಗೆ ಅವನ ತಲೆಯ ಹೊರಗೆ ನಿಲ್ಲಲು ಜಾಗವಿಲ್ಲ. ಮುಂಬೈಯ ಕಂಪನಿ ಬದುಕಿನ ಭಯ ಹಾಗೆಯೇ ಅನುಭವಕ್ಕೆ ಬರಬೇಕು. ಆದರೆ ಆ ಮನಸ್ಸು ನವ್ಯದಲ್ಲಿ ಬಹುಪಾಲು ಓದಿದ, ಮೇಲುಜಾತಿಯ ಗಂಡಸಿನದು. ‘ಸಂಸ್ಕಾರ’ದ ದಲಿತ ಹುಡುಗಿ ಬೆಳ್ಳಿ ಶ್ರೀಪತಿಯ ಕಣ್ಣಿಗೆ ಬಿದ್ದ ಮೈಯಾಗಿಯೇ ಉಳಿಯುತ್ತಾಳೆ. ತಾನು ಒಳಗೆ ಹೋಗದ ಪಾತ್ರವನ್ನು ನಿರೂಪಣೆ ಸುಮ್ಮನೆ ಬಿಟ್ಟುಬಿಡುವುದಿಲ್ಲ, ಅದನ್ನು ಇನ್ನೊಬ್ಬರ ಅನುಭವದ ಸಾಮಗ್ರಿ ಮಾಡುತ್ತದೆ. ಕುಂದಾಪುರ ಸೀಮೆಯ ವೈದೇಹಿಯವರು ಕತೆಯನ್ನು ಒಂದು ಮನಸ್ಸಿನಿಂದ ಬಿಡಿಸಿ ಅಡುಗೆಮನೆ, ಹಿತ್ತಿಲುಗಳ ಹಲವು ಬಾಯಿಗಳ ಮಾತಿಗೆ ಒಪ್ಪಿಸಿದಾಗ ನಮಗೆ ಸಿಕ್ಕಿದ್ದು ಪ್ರಾದೇಶಿಕ ಸೊಗಡು ಮಾತ್ರವಲ್ಲ. ಆ ಹೆಂಗಸರು ಮೊದಲ ಸಲ ಮತ್ತೊಬ್ಬರ ಸಂಕಟದ ನೆಪವಾಗದೆ ಕಾಣಿಸಿಕೊಂಡರು.

ಕೆಲಸದ ಮಾತಿಗೆ ಬರುತ್ತೇನೆ. ಯಾವುದಾದರೂ ಕಾದಂಬರಿಯ ಹತ್ತು ಪುಟ ತೆಗೆದುಕೊಳ್ಳಿ, ಪೆನ್ಸಿಲ್ ಹಿಡಿಯಿರಿ. ಎಡ ಅಂಚಿನಲ್ಲಿ ನೋಡುತ್ತಿರುವವರ ಹೆಸರಿನ ಮೊದಲ ಅಕ್ಷರ, ಬಲ ಅಂಚಿನಲ್ಲಿ ಕತೆಯೊಳಗಿನ ಹೊತ್ತು ಬರೆಯಿರಿ. ‘ಎಂದು’, ‘ತಾನು’ ಬಂದಲ್ಲೆಲ್ಲ ಅಡಿಗೆರೆ ಎಳೆಯಿರಿ. ಹತ್ತು ಪುಟ ಮುಗಿಯುವಾಗ ಕಣ್ಣು ಎಲ್ಲಿ ಬದಲಾಯಿತು, ಹೊತ್ತು ಎಲ್ಲಿ ಜಿಗಿಯಿತು ಎಂಬುದು ಅಂಚಿನಲ್ಲೇ ಕಾಣುತ್ತದೆ. ಆ ಜಾಗಗಳಲ್ಲಿ ಒಂದನ್ನು ಆರಿಸಿ, ಸುಮಾರು ನೂರೈವತ್ತು ಪದಗಳಷ್ಟನ್ನು ಇನ್ನೊಬ್ಬರ ಕಣ್ಣಿನಿಂದ ಮತ್ತೆ ಬರೆಯಿರಿ. ಏನು ಕಳೆದುಹೋಯಿತೋ ಅದನ್ನು ಒಂದೇ ವಾಕ್ಯದಲ್ಲಿ ಹೇಳಿ. ನಿಮ್ಮ ಉತ್ತರ ಪತ್ರಿಕೆಯ ‘ವಸ್ತು’ ಆ ವಾಕ್ಯ. ಏನೂ ಕಳೆದುಹೋಗಲಿಲ್ಲ ಅನ್ನಿಸಿದರೆ ಎರಡು ಸಾಧ್ಯತೆ: ನೀವು ಆರಿಸಿದ ಜಾಗ ಮುಖ್ಯವಲ್ಲ, ಅಥವಾ ಲೇಖಕ ತಂತ್ರವನ್ನು ಅಲಂಕಾರಕ್ಕೆ ಬಳಸಿದ್ದಾರೆ. ಎರಡನೆಯದು ನಾವಂದುಕೊಂಡಷ್ಟು ಅಪರೂಪವಲ್ಲ.

ಕತೆ ಬರೆಯುವವರೊಬ್ಬರು ಸಭೆಯಲ್ಲಿ ಕೇಳಿದರು: ಮೊದಲು ಹೊಳೆಯಬೇಕಾದದ್ದು ವಸ್ತುವೋ ನಿರೂಪಣೆಯೋ? ವುಲ್ಫ್ ಅವರ ‘ಮಿಸೆಸ್ ಡಾಲೋವೇ’ (1925) ನೆನಪಿಸಿಕೊಳ್ಳಿ. ಲಂಡನ್ನಿನ ಒಂದು ಜೂನ್ ದಿನ, ಕ್ಲಾರಿಸಾ ಮನೆಯಲ್ಲಿ ಪಾರ್ಟಿ. ಊರಿನ ಇನ್ನೊಂದು ಕಡೆ ಯುದ್ಧದಿಂದ ಮನಸ್ಸು ಕೆಟ್ಟು ಬಂದ ಸೆಪ್ಟಿಮಸ್. ಇಬ್ಬರೂ ಭೇಟಿಯಾಗುವುದೇ ಇಲ್ಲ. ಗಡಿಯಾರದ ಗಂಟೆ, ಬೀದಿಯ ಕಾರು, ಆಕಾಶದಲ್ಲಿ ಅಕ್ಷರ ಬರೆಯುವ ವಿಮಾನಗಳನ್ನು ಹಿಡಿದು ನಿರೂಪಣೆ ಒಂದು ಮನಸ್ಸಿನಿಂದ ಇನ್ನೊಂದಕ್ಕೆ ದಾಟುತ್ತದೆ. 1928ರ ಮುನ್ನುಡಿಯಲ್ಲಿ ವುಲ್ಫ್ ಹೇಳಿರುವ ಪ್ರಕಾರ ಮೊದಲ ಯೋಜನೆಯಲ್ಲಿ ಸೆಪ್ಟಿಮಸ್ ಇರಲೇ ಇಲ್ಲ, ಪಾರ್ಟಿಯ ಕೊನೆಗೆ ಕ್ಲಾರಿಸಾಳೇ ಸಾಯಬೇಕಿತ್ತು. ಒಂದು ಮನಸ್ಸನ್ನು ಎರಡಾಗಿ ಒಡೆದ ಮೇಲೆಯೇ ಆ ಕಾದಂಬರಿಯ ಇವತ್ತಿನ ವಸ್ತು ಹುಟ್ಟಿತು. ಆದ್ದರಿಂದ ಕತೆ ಅರ್ಧಕ್ಕೆ ನಿಂತಾಗ ಹೊಸ ಘಟನೆ ಹುಡುಕುವ ಮೊದಲು ಬೇರೆ ಯಾರಾದರೂ ಇದನ್ನು ನೋಡುತ್ತಿದ್ದಾರೆಯೇ ಎಂದು ಹುಡುಕಿ.

ಓದಿನ ಅನುಕ್ರಮ ಕೇಳಿದವರಿಗೆ: ‘ಘಟಶ್ರಾದ್ಧ’ದಿಂದ ಶುರು ಮಾಡಿ, ಅದು ಒಂದು ಸಂಜೆಯ ಓದು. ಆಮೇಲೆ ‘ಸಂಸ್ಕಾರ’ದ ಮೂರನೆಯ ಭಾಗವೊಂದನ್ನೇ ಅಂಚಿನ ಗುರುತುಗಳೊಂದಿಗೆ ಮತ್ತೊಮ್ಮೆ, ಅದರ ಬೆನ್ನಿಗೆ ‘ಅಳಿದ ಮೇಲೆ’. ಫಾಕ್ನರ್ ಕೊನೆಗಿರಲಿ. ಮೊದಲ ಭಾಗ ತೀರಾ ಕಗ್ಗಂಟಾದರೆ ನಾಲ್ಕನೆಯ ಭಾಗ ಓದಿಕೊಂಡು ಹಿಂದಕ್ಕೆ ಬನ್ನಿ. ಜನರ ಪರಿಚಯವಾಗಿದ್ದರೆ ಬೆಂಜಿಯ ಮಾತು ಅಷ್ಟು ಬೆದರಿಸುವುದಿಲ್ಲ.